ಹೊಳೆಯ ರೀತಿಗೆ ಒಗ್ಗದ ನೆಲ

ಹೊಳೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ನಮಗೆಲ್ಲ ಗೊತ್ತು. ಯಾರೂ ಪಾಠ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಬಂದ ತಿಳಿವಳಿಕೆ. ಮೇಲೆಲ್ಲೋ ಸಣ್ಣ ತೊರೆಗಳು, ಅವು ಕೂಡಿ ಹಳ್ಳ, ಹಳ್ಳಗಳು ಕೂಡಿ ಹೊಳೆ. ಹೊಳೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಎದುರಿಗೆ ದಿಣ್ಣೆ ಬಂದರೆ ಬಳಸಿಕೊಂಡು ಹೋಗುತ್ತದೆಯೇ ಹೊರತು ಹತ್ತಿ ದಾಟುವುದಿಲ್ಲ. ಕಣಿವೆ ಎಷ್ಟು ದೊಡ್ಡದು ಎಂಬುದಕ್ಕೂ ಅದರಲ್ಲಿ ಹರಿದ ನೀರಿಗೂ ಒಂದು ಲೆಕ್ಕ ಇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗಕ್ಕೆ ಹೋಗುವ ಮುಂಚೆ ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಲ್ಲಿನ ನೆಲ ಈ ರೀತಿಗಳಲ್ಲಿ ಒಂದಕ್ಕೂ ಒಗ್ಗುವುದಿಲ್ಲ. ಎಲ್ಲೆಲ್ಲಿ ಒಗ್ಗುವುದಿಲ್ಲ ಎಂದು ಗುರುತಿಸುತ್ತ ಹೋದರೆ ಆ ನೆಲ ತಾನಾಗಿ ಅರ್ಥವಾಗತೊಡಗುತ್ತದೆ.

ಸಿಯಾಟಲ್, ರೆಡ್‌ಮಂಡ್ ಕಡೆ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರು ಸಾಕಷ್ಟಿದ್ದಾರೆ. ಊರಿನಿಂದ ಅಪ್ಪ ಅಮ್ಮ ಬಂದರೆ ಅವರು ಕರೆದುಕೊಂಡು ಹೋಗುವುದು ಸಾಮಾನ್ಯವಾಗಿ ರೇನಿಯರ್ ಪರ್ವತಕ್ಕೆ, ಇಲ್ಲವೇ ಸಮುದ್ರದ ಕಡೆಗೆ. ಪೂರ್ವಕ್ಕೆ ಹೋಗುವವರು ಕಡಿಮೆ. ಐ-90 ಹೆದ್ದಾರಿ ಹಿಡಿದು ಕ್ಯಾಸ್ಕೇಡ್ ಬೆಟ್ಟಸಾಲು ದಾಟಿದರೆ ದಟ್ಟ ಕಾಡು ಮುಗಿದು ಕುರುಚಲು ಗಿಡದ ಒಣ ಬಯಲು, ಕಪ್ಪು ಬಂಡೆ ಶುರುವಾಗುತ್ತವೆ. ನೋಡಲು ಇಲ್ಲಿ ಏನೂ ಇಲ್ಲ ಎಂದುಕೊಂಡು ಬಹಳ ಜನ ಗಾಡಿ ನಿಲ್ಲಿಸದೆ ಹೋಗಿಬಿಡುತ್ತಾರೆ. ಅವರು ಇಳಿದು ನೋಡಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಳದ ಕಲ್ಲಿನಿಂದ ಹೊರಡೋಣ. ಸುಮಾರು 1.7 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಸೀಳಿ ಲಾವಾ ಉಕ್ಕತೊಡಗಿತು. ಒಂದು ಪದರ ಹರಡಿ ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಆದದ್ದು ಕೊಲಂಬಿಯಾ ಬಸಾಲ್ಟ್ ಪ್ರಸ್ಥಭೂಮಿ. ವಿಜಯಪುರ, ಕಲಬುರಗಿ, ಬೀದರ್ ಕಡೆಯವರಿಗೆ ಈ ಕರಿಕಲ್ಲು ಹೊಸದಲ್ಲ, ಅವರ ಕಾಲಡಿಯಲ್ಲಿರುವ ಡೆಕ್ಕನ್ ಟ್ರ್ಯಾಪ್ ಕೂಡ ಇದೇ ಬಗೆಯ ಲಾವಾ ಪದರ, ವಯಸ್ಸಿನಲ್ಲಿ ಮಾತ್ರ ಬಹಳ ಹಿರಿದು. ಲಾವಾ ಆರುತ್ತ ಕುಗ್ಗಿದಾಗ ಮೇಲಿನಿಂದ ಕೆಳಕ್ಕೆ ಬಿರುಕು ಬಿಟ್ಟು ಐದು ಮೂಲೆಯ, ಆರು ಮೂಲೆಯ ಕಂಬಗಳಾಗುತ್ತದೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಂಥ ಕಂಬಗಳ ಮೇಲೆ ನಡೆದಾಡಿರುತ್ತಾರೆ. ಅಲ್ಲಿ ಕಲ್ಲಿನ ಜಾತಿ ಬೇರೆ, ಬಿರಿದ ರೀತಿ ಇದೇ.

ಈ ಬಿರುಕುಗಳನ್ನು ಮರೆಯಬೇಡಿ, ಮುಂದಿನದೆಲ್ಲ ಅವುಗಳ ಮೇಲೆ ನಿಂತಿದೆ. ಸಾಮಾನ್ಯ ಹೊಳೆ ಬಂಡೆಯನ್ನು ಸವೆಸುತ್ತದೆ, ಕಣಕಣವಾಗಿ, ಯುಗಗಟ್ಟಲೆ. ಆದರೆ ನೀರು ಬಹಳ ಆಳವಾಗಿ ಬಹಳ ರಭಸದಿಂದ ಹರಿದರೆ ಸವೆಸುವ ಗೊಡವೆಗೇ ಹೋಗುವುದಿಲ್ಲ, ಬಿರುಕುಗಳಲ್ಲಿ ಹೊಕ್ಕು ಕಂಬಗಳನ್ನು ಇಡಿಯಾಗಿ ಕಿತ್ತೆಸೆಯುತ್ತದೆ. ಬಸಾಲ್ಟಿನ ಮೇಲೆ ಗಾಳಿ ಸಾವಿರಾರು ವರ್ಷ ಹೊತ್ತು ತಂದು ಸುರಿದ ನವಿರು ದೂಳಿನ ದಪ್ಪ ಹೊದಿಕೆಯೂ ಇತ್ತು. ಅದು ಉಳಿದಿರುವ ಕಡೆ, ಅಂದರೆ ಪಲೂಸ್ ಪ್ರದೇಶದಲ್ಲಿ, ಈಗ ಗೋಧಿ ಬೆಳೆಯುವ ಮೆತ್ತನೆಯ ಗುಡ್ಡಗಳಿವೆ. ಅದು ಕೊಚ್ಚಿಹೋದ ಕಡೆ ಬರಿ ಬಂಡೆ. ವಿಮಾನದಿಂದ ನೋಡಿದರೆ ಹಸಿರು ಗುಡ್ಡಗಳ ನಡುವೆ ಕಪ್ಪು ಪಟ್ಟೆಗಳು ಒಡೆದು, ಕೂಡಿ, ಮತ್ತೆ ಒಡೆದು ನೂರಾರು ಕಿಲೋಮೀಟರು ಹೆಣೆದುಕೊಂಡಿರುವುದು ಕಾಣುತ್ತದೆ. ಆ ಕಪ್ಪು ಪಟ್ಟೆಗಳಿಗೆ ಅಲ್ಲಿನವರು ಸ್ಕ್ಯಾಬ್‌ಲ್ಯಾಂಡ್ ಎನ್ನುತ್ತಾರೆ.

ಅಷ್ಟು ನೀರು ಎಲ್ಲಿಂದ ಬಂತು? ಕಳೆದ ಹಿಮಯುಗದ ಕೊನೆಯ ಭಾಗ, ಈಗ್ಗೆ ಸುಮಾರು 18,000ದಿಂದ 15,000 ವರ್ಷಗಳ ಹಿಂದೆ. ಕೆನಡಾದ ಕಡೆಯಿಂದ ಇಳಿದ ಹಿಮಹಾಳೆಯ ಒಂದು ನಾಲಿಗೆ ಈಗಿನ ಐಡಾಹೊ ರಾಜ್ಯದ ಪೆಂಡ್ ಒರೆ ಸರೋವರದ ಬಳಿ ಕ್ಲಾರ್ಕ್ ಫೋರ್ಕ್ ನದಿಗೆ ಅಡ್ಡ ಬಂದು ಕೂತಿತು. ಹಿಮದ ಅಣೆಕಟ್ಟು. ಅದರ ಹಿಂದೆ ಮೊಂಟಾನಾದ ಕಣಿವೆಗಳೆಲ್ಲ ತುಂಬಿ ಮಿಸೂಲಾ ಎಂಬ ಸರೋವರವಾಯಿತು. ಅಣೆಕಟ್ಟಿನ ಬಳಿ ಆಳ ಸುಮಾರು 600 ಮೀಟರು, ತುಂಬಿದಾಗ ನೀರು 2,000 ಘನ ಕಿಲೋಮೀಟರಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 70,000 ಟಿಎಂಸಿ. ಕೆಆರ್‌ಎಸ್ ಭರ್ತಿಯಾದಾಗ ಇರುವುದು 49 ಟಿಎಂಸಿ. ಮಿಸೂಲಾ ಊರಿನ ಪಕ್ಕದ ಗುಡ್ಡಗಳ ಇಳಿಜಾರಿನಲ್ಲಿ ಆ ಸರೋವರದ ದಡದ ಗೆರೆಗಳು ಒಂದರ ಮೇಲೊಂದು ಈಗಲೂ ಕಾಣುತ್ತವೆ. ಸಂಜೆಯ ಓರೆ ಬಿಸಿಲಿನಲ್ಲಿ, ತೆಳುವಾಗಿ ಹಿಮ ಬಿದ್ದಿದ್ದಾಗ, ಇನ್ನೂ ಚೆನ್ನಾಗಿ ಕಾಣುತ್ತವೆ.

ಹಿಮ ನೀರಿಗಿಂತ ಹಗುರ. ಆದ್ದರಿಂದ ಹಿಮದ ಕಟ್ಟೆಯ ಹಿಂದೆ ನೀರು ಏರುತ್ತ ಏರುತ್ತ ಕಟ್ಟೆಯ ಎತ್ತರದ ಹತ್ತರಲ್ಲಿ ಒಂಬತ್ತು ಪಾಲು ಮುಟ್ಟಿದರೆ ಕಟ್ಟೆ ತಳದಿಂದ ಏಳಲು ನೋಡುತ್ತದೆ. ನೀರು ಅಡಿಯಲ್ಲಿ ದಾರಿ ಮಾಡಿಕೊಳ್ಳುತ್ತದೆ, ಹರಿಯುವ ನೀರಿನ ಬಿಸಿಗೆ ಆ ದಾರಿ ಸುರಂಗವಾಗಿ ಹಿಗ್ಗುತ್ತದೆ, ಕೊನೆಗೆ ಕಟ್ಟೆಯೇ ಕುಸಿಯುತ್ತದೆ. ಐಸ್‌ಲ್ಯಾಂಡಿನಲ್ಲಿ ಇಂದಿಗೂ ಸಣ್ಣ ಪ್ರಮಾಣದಲ್ಲಿ ಇಂಥ ಪ್ರವಾಹಗಳು ಆಗುತ್ತಿರುತ್ತವೆ. 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ಸೌತ್ ಲ್ಹೋನಕ್ ಸರೋವರ ಒಡೆದು ಚುಂಗ್‌ಥಾಂಗ್ ಬಳಿಯ ತೀಸ್ತಾ ಅಣೆಕಟ್ಟನ್ನು ಕೊಚ್ಚಿಕೊಂಡು ಹೋದದ್ದು ನೆನಪಿರಬಹುದು. ಅಲ್ಲಿನ ಕಟ್ಟೆ ಹಿಮನದಿ ತಂದು ಗುಡ್ಡೆ ಹಾಕಿದ ಕಲ್ಲುಮಣ್ಣಿನದು, ಆದರೂ ಎರಡೂ ಒಂದೇ ಕುಲದ ಅನಾಹುತಗಳು. ಮಿಸೂಲಾ ಸರೋವರ ಕೆಲವೇ ದಿನಗಳಲ್ಲಿ ಬರಿದಾಯಿತು. ದೊಡ್ಡ ಪ್ರವಾಹಗಳ ಭರಾಟೆಯಲ್ಲಿ ಸೆಕೆಂಡಿಗೆ 1.7 ಕೋಟಿ ಘನ ಮೀಟರು, ಅಂದರೆ 60 ಕೋಟಿ ಕ್ಯೂಸೆಕ್ ನೀರು ಹರಿದಿದೆ ಎಂದು ಲೆಕ್ಕ ಹಾಕಿದ್ದಾರೆ. ಇಂದು ಜಗತ್ತಿನ ನದಿಗಳೆಲ್ಲ ಸೇರಿ ಹರಿಸುವ ನೀರಿನ ಹತ್ತು ಪಟ್ಟಿಗೂ ಮೀರಿದ್ದು.

ಈಗ ಡ್ರೈ ಫಾಲ್ಸ್‌ಗೆ ಬನ್ನಿ. ಕೂಲೀ ಸಿಟಿ ಎಂಬ ಪುಟ್ಟ ಊರಿನ ಹತ್ತಿರ, ರಸ್ತೆಯ ಪಕ್ಕದಲ್ಲೇ ಇದೆ. ಕಟಕಟೆ ಹಿಡಿದು ನಿಂತರೆ ಎದುರಿಗೆ ಕುದುರೆ ಲಾಳಗಳನ್ನು ಜೋಡಿಸಿಟ್ಟಂಥ ಕಡಿದಾದ ಬಂಡೆಗೋಡೆ, ಎತ್ತರ ಸುಮಾರು 120 ಮೀಟರು, ಉದ್ದ ಐದೂವರೆ ಕಿಲೋಮೀಟರು. ಕೆಳಗೆ ಜೊಂಡು ಬೆಳೆದ ಕೆರೆಗಳು. ನೀರು ಬಿದ್ದ ಜಾಗದಲ್ಲಿ ಗುಂಡಿ ಬಿದ್ದು ಆದವು. ಬೀಳುವ ನೀರು ಮಾತ್ರ ಒಂದು ಹನಿಯೂ ಇಲ್ಲ. ಇಲ್ಲಿ ಹೊಸಬರು ಒಂದು ಕಲ್ಪನೆಯನ್ನು ತಿದ್ದಿಕೊಳ್ಳಬೇಕು. ಜಲಪಾತ ಎಂದ ಕೂಡಲೇ ಜೋಗದಂತೆ ಅಂಚಿನಿಂದ ಧುಮುಕುವ ಬಿಳಿ ಧಾರೆ ಮನಸ್ಸಿಗೆ ಬರುತ್ತದೆ. ಇಲ್ಲಿ ಹಾಗೆ ಆಗಲಿಲ್ಲ. ಅಂಚಿನ ಮೇಲೆಯೇ ಹತ್ತಾರು ಮೀಟರು ಆಳದ ನೀರು ಹರಿಯುತ್ತಿತ್ತು. ದೂರದಿಂದ ನೋಡಿದ್ದರೆ ಬೀಳು ಕಾಣುತ್ತಲೇ ಇರಲಿಲ್ಲ, ನೀರಿನ ಮೈಯಲ್ಲಿ ಒಂದು ಇಳುಕಲು ಅಷ್ಟೇ. ಕೆಲಸ ನಡೆಯುತ್ತಿದ್ದದ್ದು ತಳದಲ್ಲಿ. ಅಂಚಿನ ಕಂಬಗಳು ಒಂದೊಂದಾಗಿ ಕಳಚಿ ಬೀಳುತ್ತ ಬಂಡೆಗೋಡೆ ಹಿಂದಕ್ಕೆ ಹಿಂದಕ್ಕೆ ಸರಿಯಿತು. ಈಗಿನ ಸೋಪ್ ಲೇಕ್ ಊರಿನ ಬಳಿ ಶುರುವಾದ ಬೀಳು ಇಲ್ಲಿಯವರೆಗೆ ಹಿಮ್ಮೆಟ್ಟಿದೆ. ಅದು ಬಿಟ್ಟು ಬಂದ ದಾರಿಯೇ ಕೆಳಗೆ ಕಾಣುವ ಕಣಿವೆ, ಗ್ರ್ಯಾಂಡ್ ಕೂಲೀಯ ಕೆಳಭಾಗ. ಇಂಥ ಒಣ ಕಣಿವೆಗೆ ಅಲ್ಲಿ ಕೂಲೀ ಎನ್ನುತ್ತಾರೆ. ನನ್ನನ್ನು ಕೇಳಿದರೆ ಒಂದೇ ಒಂದು ಜಾಗ ನೋಡುವಷ್ಟು ಸಮಯ ಇದ್ದವರು ಇಲ್ಲಿಗೇ ಬರಬೇಕು, ಅವಸರ ಮಾಡದೆ ನಿಲ್ಲಬೇಕು.

ಇದನ್ನೆಲ್ಲ ಮೊದಲು ಕಂಡವರು ಜೆ ಹಾರ್ಲೆನ್ ಬ್ರೆಟ್ಜ್. ಸಿಯಾಟಲ್‌ನಲ್ಲಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಇಲ್ಲಿನ ಕ್ವಿನ್ಸಿ ಪ್ರದೇಶದ ಹೊಸ ನಕಾಶೆಯಲ್ಲಿ ನದಿಯೇ ಇಲ್ಲದ ಕಡೆ ಜಲಪಾತದ ಆಕಾರ ಕಂಡು ಅವರಿಗೆ ಪ್ರಶ್ನೆ ಎದ್ದಿತು. ಮುಂದೆ ಭೂವಿಜ್ಞಾನ ಓದಿ ಷಿಕಾಗೊ ವಿಶ್ವವಿದ್ಯಾಲಯ ಸೇರಿ, 1922ರಿಂದ ಬೇಸಿಗೆ ಬೇಸಿಗೆ ವಿದ್ಯಾರ್ಥಿಗಳೊಂದಿಗೆ ಈ ಬಯಲನ್ನು ನಡೆದು ನೋಡಿದರು. ಕ್ವಿನ್ಸಿ ಬಯಲಿನ ಪಶ್ಚಿಮ ದಿಣ್ಣೆಯಲ್ಲಿ ಮೂರು ಕಡೆ ನೀರು ಹತ್ತಿ ದಾಟಿ ಕೊಲಂಬಿಯಾ ಕಣಿವೆಗೆ ಬಿದ್ದ ಗುರುತಿತ್ತು. ಮೂರರ ಹೊಸ್ತಿಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಅಂದರೆ ಬಯಲು ಬಯಲೇ ತುಂಬಿ ಏಕಕಾಲಕ್ಕೆ ಮೂರೂ ಕಡೆ ತುಳುಕಿರಬೇಕು. 1923ರಲ್ಲಿ ಅವರು ಇದೊಂದು ಮಹಾಪ್ರವಾಹದ ಕೆಲಸ ಎಂದು ಬರೆದರು. 1927ರ ಜನವರಿಯಲ್ಲಿ ವಾಷಿಂಗ್ಟನ್ ಡಿ.ಸಿ.ಯ ಸಭೆಯೊಂದರಲ್ಲಿ ಹಿರಿಯ ಭೂವಿಜ್ಞಾನಿಗಳು ಸಾಲಾಗಿ ಎದ್ದು ಅದನ್ನು ತಳ್ಳಿಹಾಕಿದರು.

ಆ ಹಿರಿಯರನ್ನು ದಡ್ಡರೆಂದು ಹೇಳುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಬೆಟ್ಟ ಕಣಿವೆಗಳನ್ನೆಲ್ಲ ಪುರಾಣದ ಪ್ರಳಯದಿಂದ ವಿವರಿಸುತ್ತಿದ್ದ ಕಾಲದಿಂದ ಅವರ ಶಾಸ್ತ್ರ ಕಷ್ಟಪಟ್ಟು ಹೊರಬಂದಿತ್ತು, ಇಂದು ಕಣ್ಣೆದುರು ನಡೆಯುವ ನಿಧಾನದ ಕ್ರಿಯೆಗಳಿಂದಲೇ ನೆಲವನ್ನು ವಿವರಿಸಬೇಕೆಂಬ ಶಿಸ್ತು ಅವರದು. ಜೊತೆಗೆ, ನೀರು ಎಲ್ಲಿಂದ ಬಂತು ಎಂಬ ಅವರ ಪ್ರಶ್ನೆಗೆ ಬ್ರೆಟ್ಜ್ ಬಳಿ ಗಟ್ಟಿ ಉತ್ತರ ಇರಲಿಲ್ಲ. ಆ ಹಿರಿಯರ ತಪ್ಪು ಬೇರೆ: ಹೆಚ್ಚಿನವರು ಆ ನೆಲವನ್ನು ಹೋಗಿ ನೋಡಿರಲಿಲ್ಲ.

ಉತ್ತರ ಇದ್ದದ್ದು ಜೋಸೆಫ್ ಪಾರ್ಡೀ ಎಂಬ ಭೂವಿಜ್ಞಾನಿಯ ಬಳಿ. ಮಿಸೂಲಾ ಸರೋವರದ ಬಗ್ಗೆ ಅವರು 1910ರಲ್ಲೇ ಬರೆದಿದ್ದರು. 1942ರಲ್ಲಿ ಅವರು ಪ್ರಕಟಿಸಿದ್ದು ಮೊಂಟಾನಾದ ಕ್ಯಾಮಸ್ ಪ್ರೇರಿ ಎಂಬ ಹುಲ್ಲುಗಾವಲಿನ ವಿವರ. ಹೊಳೆಯ ನೀರು ಇಳಿದ ಮೇಲೆ ಮರಳಿನಲ್ಲಿ ಬೆರಳ ದಪ್ಪದ ಸುಕ್ಕುಗಳು ಉಳಿಯುತ್ತವಲ್ಲ, ಅದೇ ಸುಕ್ಕುಗಳು ಅಲ್ಲಿ ಜಲ್ಲಿಕಲ್ಲಿನಲ್ಲಿ ಆಗಿವೆ. ಕೆಲವು ಹತ್ತು ಮೀಟರಿನಷ್ಟು ಎತ್ತರ. ನೆಲದ ಮೇಲೆ ನಿಂತವರಿಗೆ ಅವು ದನ ಮೇಯುವ ದಿಬ್ಬಗಳು, ಅಷ್ಟೇ. ಎತ್ತರದಿಂದ ನೋಡಿದಾಗ ಮಾತ್ರ ಸಾಲು ಸಾಲಾಗಿ ಹೊಂದಿಕೊಂಡು ನೀರು ಓಡಿದ ದಿಕ್ಕನ್ನು ಹೇಳುತ್ತವೆ. ಸರೋವರ ಮೆಲ್ಲಗೆ ಬತ್ತಿದ್ದರೆ ಅವು ಹುಟ್ಟುತ್ತಿರಲಿಲ್ಲ. ಸಿಯಾಟಲ್ ಕಡೆಯಿಂದ ಹೋಗುವವರಿಗೆ ಇಂಥವು ಹತ್ತಿರದಲ್ಲೂ ಇವೆ, ಕ್ವಿನ್ಸಿ ಬಳಿ ಕೊಲಂಬಿಯಾ ನದಿಯಾಚೆಯ ವೆಸ್ಟ್ ಬಾರ್‌ನಲ್ಲಿ. ಈಚೆ ದಡದ ಎತ್ತರದಲ್ಲಿ ನಿಂತು ಆಚೆ ನೋಡಬೇಕು.

1965ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಈ ಪ್ರದೇಶ ಸುತ್ತಿ ನೋಡಿ, ತಾವೂ ಬ್ರೆಟ್ಜ್ ಪಕ್ಷಕ್ಕೆ ಬಂದಿದ್ದೇವೆ ಎಂದು ಅವರಿಗೆ ತಂತಿ ಕಳಿಸಿದರು. 1979ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ಪೆನ್ರೋಸ್ ಪದಕ ಬಂದಾಗ ಅವರಿಗೆ 96 ದಾಟಿತ್ತು.

ಆದರೆ ಪ್ರವಾಹ ಒಂದೋ, ಹಲವೋ? ಇದರ ಸಾಕ್ಷಿ ವಾಲಾ ವಾಲಾ ಊರಿನ ಹತ್ತಿರದ ಬರ್ಲಿಂಗೇಮ್ ಕೊರಕಲಿನಲ್ಲಿದೆ. 1926ರಲ್ಲಿ ನೀರಾವರಿ ಕಾಲುವೆಯ ನೀರನ್ನು ಒಂದು ಸಣ್ಣ ಚರಂಡಿಗೆ ತಿರುಗಿಸಿದರು. ಆರೇ ದಿನಗಳಲ್ಲಿ ಅದು 30 ಮೀಟರಿಗೂ ಆಳದ ಕೊರಕಲಾಯಿತು. ಕೊರೆದದ್ದು ಹಳೆಯ ಪ್ರವಾಹಗಳ ಮೆಕ್ಕಲನ್ನು. ಗೋಡೆಯಲ್ಲಿ ಸುಮಾರು 40 ಪದರಗಳು. ಪ್ರತಿ ಪದರದ ಅಡಿಯಲ್ಲಿ ಉರುಟು ಮರಳು, ಮೇಲೆ ಹೋದಂತೆ ನವಿರು ಹೂಳು, ಮತ್ತೆ ಮರಳು. ಇವು ಒಂದೇ ಪ್ರವಾಹದ ಏರಿಳಿತವೂ ಆಗಿರಬಹುದಿತ್ತು. 1980ರ ಹೊತ್ತಿಗೆ ರಿಚರ್ಡ್ ವೇಟ್ ಎಂಬ ವಿಜ್ಞಾನಿ ಪದರಗಳ ನಡುವಿನ ಸಂದುಗಳನ್ನು ನೋಡಿದರು. ಒಂದು ಕಡೆ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಬಿಳಿಯ ಬೂದಿ, ಕೆಲವೆಡೆ ಹೂಳಿನ ಮೇಲ್ಮೈಯಿಂದ ದಂಶಕಗಳು ತೋಡಿದ ಬಿಲಗಳು. ಬೂದಿ ಹಾಗೆ ಒಣನೆಲದ ಮೇಲೆ ಬೀಳಬೇಕಾದರೆ, ಇಲಿಯ ಜಾತಿಯವು ಬಿಲ ತೋಡಬೇಕಾದರೆ, ನೀರು ಹೋಗಿ ನೆಲ ಒಣಗಿರಬೇಕು. ಅಂದರೆ ಪದರಕ್ಕೊಂದು ಪ್ರವಾಹ, ನಡುವೆ ದಶಕಗಳ ಬಿಡುವು. ಹಿಮ ಮತ್ತೆ ಮುಂದೆ ಬರುತ್ತಿತ್ತು, ಸರೋವರ ಮತ್ತೆ ತುಂಬುತ್ತಿತ್ತು, ಕಟ್ಟೆ ಮತ್ತೆ ಒಡೆಯುತ್ತಿತ್ತು.

ಹೋಗುವವರಿಗೆ ಕೆಲವು ಮಾತು. ಏಪ್ರಿಲ್, ಮೇ ಒಳ್ಳೆಯ ಕಾಲ, ಬೇಸಿಗೆಯ ಬಿಸಿಲು ಬಹಳ ಕಠಿಣ. ಕುಡಿಯುವ ನೀರು ಜೊತೆಗಿರಲಿ. ಬಂಡೆ ಸಂದುಗಳಲ್ಲಿ ಬುಡುಬುಡಿಕೆ ಹಾವುಗಳಿವೆ, ಬಾಲ ಅಲ್ಲಾಡಿಸಿ ಸದ್ದು ಮಾಡುವ ವಿಷದ ಹಾವು, ಕೈಯಿಡುವ ಮುಂಚೆ ನೋಡಿ. ಪಲೂಸ್ ಜಲಪಾತವನ್ನೂ ನೋಡಲು ಹೋದರೆ ಅಲ್ಲಿ ಅಂಚಿಗೆ ಹೋಗಬೇಡಿ. ಕಾರಿಗೆ ರಾಜ್ಯ ಉದ್ಯಾನಗಳ ಪಾಸ್ ಬೇಕಾಗುತ್ತದೆ. ಮೊದಲ ನಿಲುಗಡೆ ವ್ಯಾಂಟೇಜ್ ಸೇತುವೆ ದಾಟಿದ ಮೇಲಿನ ಫ್ರೆಂಚ್‌ಮನ್ ಕೂಲೀ ಆಗಲಿ. ಬ್ರೆಟ್ಜ್ ಕಂಡ ಮೂರು ತುಳುಕುಗಳಲ್ಲಿ ಅದೊಂದು. ಕಂಬದ ಬುಡದಲ್ಲಿ ನಿಂತು ಕಿತ್ತುಹೋದ ಕಂಬಗಳ ಖಾಲಿ ಜಾಗವನ್ನು ನೋಡಿ.

ಎರಡನೆಯ ದಿನ ಸಿಕ್ಕಿದರೆ ದಕ್ಷಿಣಕ್ಕೆ, ವಲೂಲಾ ಇಕ್ಕಟ್ಟಿಗೆ ಹೋಗಿ. ಅಷ್ಟೂ ನೀರು ಆ ಒಂದೇ ಕಿಂಡಿಯಲ್ಲಿ ಹೊರಹೋಗಬೇಕಿತ್ತು, ಹೋಗಲಾರದೆ ಹಿಂದಕ್ಕೆ ನಿಂತಿತು. ಎಷ್ಟು ಎತ್ತರ ನಿಂತಿತು ಎಂಬುದನ್ನು ಸುತ್ತಲಿನ ಬೆಟ್ಟಗಳ ಇಳಿಜಾರಿನಲ್ಲಿ ಬಿದ್ದಿರುವ ಬಿಳಿಯ ಗ್ರಾನೈಟ್ ಕಲ್ಲುಗಳು ತೋರಿಸುತ್ತವೆ. ಈ ಬಸಾಲ್ಟ್ ನಾಡಿನಲ್ಲಿ ಗ್ರಾನೈಟ್ ಹುಟ್ಟುವುದಿಲ್ಲ. ಒಡೆದ ಕಟ್ಟೆಯ ಹಿಮಗಡ್ಡೆಗಳೊಳಗೆ ಸಿಕ್ಕಿಕೊಂಡು ತೇಲಿ ಬಂದು, ಹಿಮ ಕರಗಿದ ಕಡೆ ಕೂತವು. ಸಮುದ್ರಮಟ್ಟದಿಂದ ಸುಮಾರು 365 ಮೀಟರಿನವರೆಗೆ ಅವು ಸಿಗುತ್ತವೆ, ಅದರ ಮೇಲೆ ಸಿಗುವುದಿಲ್ಲ. ಕೆಳಗೆ ಹರಿಯುವ ನದಿಯ ಮಟ್ಟ ನೂರು ಮೀಟರಿನ ಆಸುಪಾಸು.