ಪತ್ರದಲ್ಲಿ ನೀವು ಕಾಣಬೇಕು

ಪ್ರಶ್ನೆ: ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ 3ನೇ ವರ್ಷ ಓದುತ್ತಿದ್ದೇನೆ. ಬಾಷ್ ಕಂಪನಿಯ ಇಂಟರ್ನ್‌ಶಿಪ್ ಅರ್ಜಿಯ ಜೊತೆಗಿಡುವ ಪತ್ರದ ಕರಡು ಕಳಿಸಿದ್ದೇನೆ. ಸರಿಯಿದೆಯೇ ಮೇಡಂ?

ಉತ್ತರ: ‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕಲಿಯುವ ಮಹದಾಸೆ’ ಎಂಬ ಸಾಲನ್ನು ಮೊದಲು ಹೊಡೆದುಹಾಕಿ. ಬಾಷ್ ಬದಲು ಬೇರೆ ಯಾವ ಹೆಸರು ಹಾಕಿದರೂ ಈ ಪತ್ರ ನಡೆಯುತ್ತದೆ. ತೊಂದರೆ ಇರುವುದೇ ಅಲ್ಲಿ. ಬೆಂಗಳೂರಿನ ‘ಮೈಕೋ’ 2008ರಲ್ಲಿ ಬಾಷ್ ಆದ ಕಥೆಯನ್ನು ಅವರಿಗೇ ಹೇಳುವುದೂ ಬೇಡ.

ಪ್ರಕಟಣೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಅವರಿಗೆ ಬೇಕಿರುವುದು ಡೀಸೆಲ್ ಇಂಜೆಕ್ಷನ್ ಪರೀಕ್ಷೆಯಲ್ಲಿ ನೆರವಾಗುವವರು. ನೀವು ಕಾಲೇಜಿನ ಪ್ರಾಜೆಕ್ಟಿನಲ್ಲಿ ಡೀಸೆಲ್ ಎಂಜಿನ್ನಿನ ಹೊಗೆ ಅಳೆದಿದ್ದೀರಿ. ಅದನ್ನು ಬಯೋಡೇಟಾದ ಮೂಲೆಯಲ್ಲಿ ಅಡಗಿಸಿಟ್ಟಿದ್ದೀರಲ್ಲ! ಪತ್ರ ಶುರುವಾಗಬೇಕಾದದ್ದು ಅಲ್ಲಿಂದಲೇ. ಯಾವ ಉಪಕರಣದಿಂದ ಅಳೆದಿರಿ, ಲೋಡ್ ಹೆಚ್ಚಿಸಿದಾಗ ರೀಡಿಂಗ್ ಹೇಗೆ ಬದಲಾಯಿತು, ಎಲ್ಲಿ ಎಡವಿದಿರಿ, ಹೇಗೆ ಸರಿಪಡಿಸಿದಿರಿ, ಅದರಲ್ಲಿ ನಿಮ್ಮ ಪಾಲೆಷ್ಟು, ಸಹಪಾಠಿಗಳದೆಷ್ಟು ಎಂಬುದನ್ನು ಬರೆಯಿರಿ. ಆಯ್ಕೆ ಮಾಡುವವರು ಹುಡುಕುವುದು ಇದನ್ನೇ.

ಯಾವ ತಿಂಗಳಿಂದ ಎಷ್ಟು ವಾರ ಬರಬಲ್ಲಿರಿ ಎಂಬುದಕ್ಕೆ ಒಂದು ಸಾಲು ಸಾಕು. ಒಟ್ಟು ಒಂದೇ ಪುಟ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆಂದು ಅಳುಕಬೇಡಿ, ಕ್ಷಮೆ ಕೇಳುವುದಂತೂ ಬೇಡವೇ ಬೇಡ. ಸರಳ ಇಂಗ್ಲಿಷಿನಲ್ಲಿ ಬರೆದು, ಉಪನ್ಯಾಸಕರೊಬ್ಬರಿಗೆ ತೋರಿಸಿ, ಕೊನೆಯ ದಿನದವರೆಗೆ ಕಾಯದೆ ಈ ವಾರವೇ ಕಳಿಸಿ.