ಮೋಸಂಬಿ ಸಿಪ್ಪೆಯ ತೈಲ: ತೆಗೆಯುವುದು, ಪರೀಕ್ಷಿಸುವುದು

ಬೇಸಿಗೆಯಲ್ಲಿ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಹಣ್ಣಿನ ರಸದ ಅಂಗಡಿಗಳಲ್ಲಿ ಮೋಸಂಬಿಯ ಸಿಪ್ಪೆ ಬುಟ್ಟಿಗಟ್ಟಲೆ ಉಳಿಯುತ್ತದೆ. ತೆಲುಗಿನಲ್ಲಿ ಇದು ಬತ್ತಾಯಿ. ತರಗತಿಯಲ್ಲಿ ಎರಡೂ ಹೆಸರುಗಳನ್ನು ಹೇಳಿ ಪಾಠವನ್ನು ಆರಂಭಿಸುವುದು ಲೇಸು. ಸಿಪ್ಪೆಯನ್ನು ಮಡಿಸಿ ಹಿಸುಕಿದರೆ ಹೊರಪದರದ ತೈಲಗ್ರಂಥಿಗಳು ಒಡೆದು ಸಣ್ಣ ಹನಿಗಳು ಚಿಮ್ಮುತ್ತವೆ. ಈ ತೈಲದ ಬಹುಪಾಲು ಲಿಮೋನೀನ್ ಎಂಬ ಹೈಡ್ರೋಕಾರ್ಬನ್.

ಲಿಮೋನೀನ್ ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರಿನೊಡನೆ ಕಾಯಿಸಿದಾಗ ಮಾತ್ರ ಎರಡರ ಆವಿಯ ಒತ್ತಡಗಳೂ ಕೂಡಿಕೊಂಡು, ಮಿಶ್ರಣವು 100 ಡಿಗ್ರಿಗಿಂತ ಕೆಳಗೆಯೇ ಕುದಿಯುತ್ತದೆ. ಬಟ್ಟಿ ಇಳಿಸುವಿಕೆಯ ಪಾಠದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಸ್ಥಳವಿದು. ಇಲ್ಲಿ ಅವಸರ ಸಲ್ಲದು. ತೊಳೆದು ಹೆಚ್ಚಿದ 200 ಗ್ರಾಂ ಸಿಪ್ಪೆಯನ್ನು ನೀರಿನೊಡನೆ ಗಾಜಿನ ಫ್ಲಾಸ್ಕಿಗೆ ಹಾಕಿ, ಕಂಡೆನ್ಸರ್ ಜೋಡಿಸಿ, ಶಿಕ್ಷಕರೇ ಕಾಯಿಸಬೇಕು. ಇಳಿದ ನೀರಿನ ಮೇಲೆ ತೈಲವು ತೆಳುವಾಗಿ ತೇಲುತ್ತದೆ. ದೊರೆಯುವುದು ಹನಿಗಳ ಲೆಕ್ಕದಲ್ಲಿ, ಹೆಚ್ಚೆಂದರೆ ಒಂದೆರಡು ಮಿಲಿಲೀಟರ್. ಲಿಮೋನೀನ್‌ನ ಆವಿ ಸುಮಾರು 48 ಡಿಗ್ರಿಯಲ್ಲಿಯೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಆದುದರಿಂದ ಬರ್ನರ್ ಬೇಡ, ವಿದ್ಯುತ್ ಹೀಟರ್ ಬಳಸಬೇಕು.

ಹಣ್ಣಿನಿಂದ ಬಂದದ್ದು ನಿರಪಾಯಕರವೆಂದು ಭಾವಿಸಿ ಮಕ್ಕಳು ಅದನ್ನು ಮುಖಕ್ಕೆ ಹಚ್ಚಿಕೊಳ್ಳಲು ಮುಂದಾಗುವುದು ಸಹಜ. ಪಾಠದ ತಿರುಳು ಇರುವುದು ಇಲ್ಲಿಯೇ. ಗಾಳಿ ತಗುಲಿದ ಲಿಮೋನೀನ್ ಉತ್ಕರ್ಷಣಗೊಂಡು ಹೈಡ್ರೋಪೆರಾಕ್ಸೈಡುಗಳಾಗುತ್ತದೆ. ಅವು ಚರ್ಮದಲ್ಲಿ ಅಲರ್ಜಿಯನ್ನು ಉಂಟುಮಾಡುತ್ತವೆ. ಸಿಪ್ಪೆಗೆ ಅಂಟಿದ ಕೀಟನಾಶಕಗಳಲ್ಲಿ ಕೆಲವು ತೈಲದೊಡನೆ ಬರಬಹುದು. ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಂತಹ ಉಪಕರಣವಿಲ್ಲದೆ ಅವು ಪತ್ತೆಯಾಗವು. ನಿಂಬೆಯ ಸಿಪ್ಪೆಯನ್ನು ಹಿಂಡಿ ತೆಗೆದ ತೈಲದಲ್ಲಿ ಫ್ಯೂರಾನೋಕೂಮರಿನ್‌ಗಳಿರುತ್ತವೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುತ್ತದೆ. ಬಟ್ಟಿ ಇಳಿಸಿದ ತೈಲದಲ್ಲಿ ಇವು ಬಹುಮಟ್ಟಿಗೆ ಬರುವುದಿಲ್ಲವೆಂಬುದನ್ನು ಮೇಲ್ತರಗತಿಗಳಲ್ಲಿ ಚರ್ಚಿಸಬಹುದು. ಚರ್ಮದ ಮೇಲಿನ ಪರೀಕ್ಷೆಯನ್ನು ಶಾಲೆಯಲ್ಲಿ ಯಾರ ಮೇಲೂ ನಡೆಸಬಾರದು.

ಶಾಲೆಯಲ್ಲಿ ಸಾಧ್ಯವಾದ ಪರೀಕ್ಷೆಗಳು ಬೇರೆ. ಕಾಗದದ ಮೇಲೆ ಈ ತೈಲದ ಒಂದು ಹನಿ, ಪಕ್ಕದಲ್ಲಿ ಕಡಲೆಕಾಯಿ ಎಣ್ಣೆಯ ಒಂದು ಹನಿ ಇಡಬೇಕು. ಮೊದಲನೆಯದು ಆರಿಹೋಗುತ್ತದೆ, ಎರಡನೆಯದರ ಜಿಡ್ಡಿನ ಕಲೆ ಉಳಿಯುತ್ತದೆ. ಥರ್ಮೋಕೋಲ್ ಚೂರಿನ ಮೇಲೆ ಹಾಕಿದ ಹನಿ ಅದನ್ನು ಕರಗಿಸಿ ಗುಳಿ ಮಾಡುತ್ತದೆ. ತೈಲವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡದೆ ಕಂದು ಗಾಜಿನ ಸೀಸೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಬೇಕೆಂಬುದಕ್ಕೆ ಕಾರಣವನ್ನು ಇದನ್ನು ಕಂಡ ಮಕ್ಕಳೇ ಹೇಳುವರು.

ಸೀಸೆಯ ಚೀಟಿಯಲ್ಲಿ ತಯಾರಿಸಿದ ದಿನಾಂಕದೊಡನೆ “ಮೈಗೆ ಹಚ್ಚಬಾರದು, ಸೇವಿಸಬಾರದು, ಬೆಂಕಿಯಿಂದ ದೂರವಿಡಿ” ಎಂದು ಕನ್ನಡ, ತೆಲುಗು ಎರಡರಲ್ಲೂ ಬರೆಯಿಸಬೇಕು. ಗಾಜಿನ ಮೇಲೆ ಉಳಿದ ಚೀಟಿಯ ಅಂಟನ್ನು ತೆಗೆಯಲು ಈ ತೈಲ ಚೆನ್ನಾಗಿ ಒದಗುತ್ತದೆ. ಆ ಕೆಲಸವನ್ನು ಕೈಗವಸು ಹಾಕಿಕೊಂಡು ಶಿಕ್ಷಕರೇ ಮಾಡಿ ತೋರಿಸಬೇಕು.