ಮಹಾವಿದ್ಯಾಲಯದ ಮೊದಲ ವರ್ಷ ಮತ್ತು ವಿದ್ಯಾರ್ಥಿ ಸಂಘಗಳು

ಹಳ್ಳಿಯಲ್ಲಿ ಹುಟ್ಟಿ, ಹತ್ತಿರದ ಊರಿನ ಪ್ರೌಢಶಾಲೆಯಲ್ಲಿ ಓದಿ, ಎರಡು ವರ್ಷಗಳ ಪದವಿಪೂರ್ವ ಶಿಕ್ಷಣವನ್ನೂ ಕನ್ನಡ ಮಾಧ್ಯಮದಲ್ಲಿಯೇ ಮುಗಿಸಿ, ನಗರದ ಮಹಾವಿದ್ಯಾಲಯದ ಹೆಬ್ಬಾಗಿಲಿಗೆ ಬಂದು ನಿಲ್ಲುವ ವಿದ್ಯಾರ್ಥಿಗೆ ಅಲ್ಲಿ ಮೊದಲು ಎದುರಾಗುವುದು ವಿದ್ಯೆಯಲ್ಲ, ಜನಸಂದಣಿ. ತನ್ನ ಶಾಲೆಯಲ್ಲಿ ಅವನು ಎಲ್ಲರಿಗೂ ಗೊತ್ತಿದ್ದವನು. ಗುರುಗಳು ಅವನ ತಂದೆಯ ಹೆಸರನ್ನೂ, ಹೊಲದ ಬೆಳೆಯನ್ನೂ ಕೇಳಿ ತಿಳಿದವರು. ಇಲ್ಲಿ ಅವನು ಹಾಜರಿ ಪುಸ್ತಕದ ಒಂದು ಅಂಕಿ. ಉಪನ್ಯಾಸಕರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದಾಗ ಉತ್ತರ ಅವನಿಗೆ ತಿಳಿಯದೆ ಇರುವುದಿಲ್ಲ. ಆದರೆ ಮನಸ್ಸಿನಲ್ಲಿಯೇ ವಾಕ್ಯವನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಮುಂದಿನ ಬೆಂಚಿನಿಂದ ಉತ್ತರ ಬಂದುಬಿಟ್ಟಿರುತ್ತದೆ. ಹೀಗೆ ಎರಡು ಮೂರು ಸಲವಾದ ಮೇಲೆ ಅವನು ತಾನಾಗಿಯೇ ಕೊನೆಯ ಬೆಂಚಿಗೆ ಸರಿಯುತ್ತಾನೆ. ಆ ಮೌನವನ್ನು ದಡ್ಡತನವೆಂದು ಬಗೆಯುವ ಅಧ್ಯಾಪಕರಿಗೂ ಕೊರತೆಯಿಲ್ಲ. ಊರಿಗೆ ಹಿಂತಿರುಗುವ ಯೋಚನೆ ಹುಟ್ಟುವುದು ಈ ಮೊದಲ ತಿಂಗಳುಗಳಲ್ಲಿಯೇ. ಕೆಲವರು ಹಿಂತಿರುಗಿಯೂ ಬಿಡುತ್ತಾರೆ. ಉಳಿದವರಲ್ಲಿ ಅನೇಕರು ಮೂರು ವರ್ಷ ಬಾಯಿ ತೆರೆಯದೆ ಪದವಿ ಪಡೆದು ಹೋಗುತ್ತಾರೆ.

ಪಾಠದ ಕೋಣೆ ಕಟ್ಟಿಹಾಕಿದ ಈ ನಾಲಗೆಯನ್ನು ಬಿಡಿಸಬಲ್ಲುದು ಬಹುಮಟ್ಟಿಗೆ ಪಾಠದ ಕೋಣೆಯ ಹೊರಗಿನ ಚಟುವಟಿಕೆಯೇ. ಕನ್ನಡ ಸಂಘ, ಚರ್ಚಾಕೂಟ, ನಾಟಕ, ಸೇವಾ ಶಿಬಿರ ಮುಂತಾದವನ್ನು ಸಾಮಾನ್ಯವಾಗಿ ಓದಿನ ನಡುವಣ ವಿನೋದವೆಂದು ಎಣಿಸುವುದುಂಟು. ನಮ್ಮ ನಾಡಿನ ಕಾಲೇಜುಗಳ ಚರಿತ್ರೆ ಹೇಳುವುದು ಬೇರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡವೇ ಕಾಲೇಜಿನ ಕೊನೆಯ ಬೆಂಚಿನ ವಿದ್ಯಾರ್ಥಿಯಾಗಿತ್ತು. ಪಾಠವೆಲ್ಲ ಇಂಗ್ಲಿಷ್, ವಿದ್ಯಾವಂತರ ಮಾತುಕತೆಯೂ ಇಂಗ್ಲಿಷ್. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕಾಲೇಜೇ ಇರಲಿಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಉನ್ನತ ವ್ಯಾಸಂಗಕ್ಕೆ ಪುಣೆಯಂಥ ದೂರದ ಊರಿಗೆ ಹೋಗಬೇಕಿತ್ತು. ದ.ರಾ. ಬೇಂದ್ರೆಯವರು 1918ರಲ್ಲಿ ಬಿ.ಎ. ಪದವಿ ಪಡೆದುದು ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ. ಇತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿ ಕರ್ನಾಟಕ ಸಂಘವನ್ನು ಕಟ್ಟಿದರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವೆಂಬ ತ್ರೈಮಾಸಿಕ ಹೊರಟಿತು, ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ಕೈಗೆತ್ತಿಕೊಂಡಿತು. ಕನ್ನಡದಲ್ಲಿ ಎಂ.ಎ. ತರಗತಿಯೇ ಇಲ್ಲದಿದ್ದ ಕಾಲವದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅದು ತೊಡಗಿದ್ದು 1927ರಲ್ಲಿ. ಎಂದರೆ ಪಠ್ಯಕ್ರಮ ಕನ್ನಡಕ್ಕೆ ಉನ್ನತ ಪೀಠವನ್ನು ಕೊಡುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ವಿದ್ಯಾರ್ಥಿಗಳ ಸಂಘ ಅದಕ್ಕೆ ಕುಳಿತುಕೊಳ್ಳಲು ಮಣೆ ಹಾಕಿತ್ತು.

ಒಂದು ಸಂದರ್ಭವನ್ನು ಇಲ್ಲಿ ನೆನೆಯಬಹುದು. ಮಲೆನಾಡಿನ ಕುಪ್ಪಳಿಯಿಂದ ಓದಲು ಮೈಸೂರಿಗೆ ಬಂದಿದ್ದ ಕುವೆಂಪು ಅವರು ಮೊದಲು ಬರೆದುದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಪುಟ್ಟ ಸಂಕಲನ 1922ರಲ್ಲಿ ಪ್ರಕಟವಾಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಆ ತರುಣರು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ, ಮಾತೃಭಾಷೆಯಲ್ಲಿ ಬರೆಯಬೇಕೆಂಬ ಸಲಹೆ ಅವರಿಂದ ಬಂದಿತು. ಆ ಸಲಹೆ ತರಗತಿಯ ಪಾಠವಾಗಿರಲಿಲ್ಲ, ಪರೀಕ್ಷೆಯ ಉತ್ತರವೂ ಆಗಿರಲಿಲ್ಲ. ಹಿರಿಯನೊಬ್ಬ ಕಿರಿಯನ ಬರಹವನ್ನು ಕೈಗೆ ತೆಗೆದುಕೊಂಡು ಓದಿದ, ಅಷ್ಟೆ. ಮುಂದೆ ಅವರಿಗೆ ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳು ದೊರೆತರು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ಆ ಗುರುವಿಗೇ. ಧಾರವಾಡದಲ್ಲಿ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯಾಗಿದ್ದ ವಿ.ಕೃ. ಗೋಕಾಕರು ಬೇಂದ್ರೆಯವರ ಗೆಳೆಯರ ಗುಂಪಿನ ಸಹವಾಸಕ್ಕೆ ಬಂದುದೂ, ಅದೇ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸುತ್ತಿದ್ದ ಶ್ರೀರಂಗರು ಕನ್ನಡಕ್ಕೆ ಹೊಸ ನಾಟಕಗಳನ್ನು ಕೊಟ್ಟುದೂ ಇದೇ ಬಗೆಯ ಸಂಗತಿಗಳು. ಸೆಂಟ್ರಲ್ ಕಾಲೇಜಿನ ಸಂಘವನ್ನು ಮುಂದಿನ ತಲೆಮಾರಿನಲ್ಲಿ ಜಿ.ಪಿ. ರಾಜರತ್ನಂ ಅವರು ಬೆಳೆಸಿದರು. ಅಲ್ಲಿ ಭೂವಿಜ್ಞಾನವನ್ನು ಓದಿದ ಕೆ.ಎಸ್. ನಿಸಾರ್ ಅಹಮದರು ಕನ್ನಡದ ಕವಿಯಾದುದನ್ನು, ಸಂಘವೆಂದರೆ ಕನ್ನಡ ಐಚ್ಛಿಕದವರಿಗೆ ಮಾತ್ರ ಎಂದು ತಿಳಿದವರು ಗಮನಿಸಬೇಕು.

ಪ್ರಕೃತಕ್ಕೆ ಬಂದರೆ, ಇಂದಿನ ಸಂಘಗಳಲ್ಲಿ ಮೊದಲ ವರ್ಷದವರ ಪಾಲಿಗೆ ಬರುವುದೇನು? ಉದ್ಘಾಟನೆಯ ದಿನ ಕುರ್ಚಿ ಹೊರುವುದು, ತೋರಣ ಕಟ್ಟುವುದು, ಅತಿಥಿಗಳ ಕೈಗೆ ಹಾರ ಕೊಡುವುದು. ಅನಂತರ ಹಿಂದಿನ ಸಾಲಿನಲ್ಲಿ ಕುಳಿತು ಎರಡು ಗಂಟೆಗಳ ಭಾಷಣ ಕೇಳುವುದು. ಕುರ್ಚಿ ಹೊರುವುದರಲ್ಲಿ ಅವಮಾನವೇನೂ ಇಲ್ಲ, ಅದೂ ಕೆಲಸವೇ. ಆದರೆ ಜೂನ್ ತಿಂಗಳಲ್ಲಿ ಕುರ್ಚಿ ಹೊತ್ತವನು ಮಾರ್ಚಿಯಲ್ಲಿಯೂ ಕುರ್ಚಿಯನ್ನೇ ಹೊರುತ್ತಿದ್ದರೆ ಆ ಸಂಘ ಅವನಿಗಾಗಿ ಏನನ್ನೂ ಮಾಡಿಲ್ಲವೆಂದೇ ತಿಳಿಯಬೇಕು. ಮಾತನಾಡಬಲ್ಲವರಿಗೇ ವೇದಿಕೆ ಕೊಡುವುದು ಸುಲಭ, ಕಾರ್ಯಕ್ರಮವೂ ಕಳೆಗಟ್ಟುತ್ತದೆ. ಹೊಸಬನಿಗೆ ಕೊಟ್ಟರೆ ಅವನು ತೊದಲಬಹುದು, ನಡುವೆ ನಿಂತೂಬಿಡಬಹುದು. ಆ ತೊದಲನ್ನು ಸಹಿಸುವ ಸಭೆ ಕಾಲೇಜಿನಲ್ಲಿ ಸಿಗದಿದ್ದರೆ ಮತ್ತೆಲ್ಲಿ ಸಿಕ್ಕೀತು?

ನಾಟಕದ ತಾಲೀಮು ಈ ದೃಷ್ಟಿಯಿಂದ ಬಲು ಉಪಕಾರಿ. ಅಲ್ಲಿ ಪಾತ್ರವಿಲ್ಲದವನಿಗೂ ಕೆಲಸವಿರುತ್ತದೆ: ಪರದೆ ಎಳೆಯುವುದು, ದೀಪ ನೋಡಿಕೊಳ್ಳುವುದು, ಮರೆಯಲ್ಲಿ ನಿಂತು ನಟರಿಗೆ ಮರೆತ ಮಾತನ್ನು ಎತ್ತಿಕೊಡುವುದು. ಈ ಕೊನೆಯ ಕೆಲಸಕ್ಕೆ ನಾಚಿಕೆಯ ಹುಡುಗನಷ್ಟು ತಕ್ಕವನು ಇಲ್ಲ. ಯಾರೂ ತನ್ನನ್ನು ನೋಡುತ್ತಿಲ್ಲವೆಂಬ ಧೈರ್ಯದಲ್ಲಿ ಅವನು ನಾಟಕವನ್ನೆಲ್ಲ ಬಾಯಿಪಾಠ ಮಾಡಿರುತ್ತಾನೆ. ಮಾತಿನ ಏರಿಳಿತ, ನಿಲುಗಡೆಗಳೆಲ್ಲ ಅವನ ಕಿವಿಗೆ ಹತ್ತಿರುತ್ತವೆ. ಮರುವರ್ಷ ಅವನಿಗೆ ಪಾತ್ರ ಕೊಡಬಹುದು.

ಇನ್ನೂ ಹೆಚ್ಚಿನ ಮಾರ್ಪಾಡು ಕಾಣುವುದು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ. ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ಈ ಯೋಜನೆಯ ಪ್ರಕಾರ ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ಏಳು ದಿನ ಹಳ್ಳಿಯೊಂದರಲ್ಲಿ ನಿಂತು ಶಿಬಿರ ನಡೆಸಬೇಕು. ಅಲ್ಲಿ ಹಿಂದುಮುಂದಾಗುತ್ತದೆ. ತರಗತಿಯಲ್ಲಿ ಅಚ್ಚ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ನಗರದ ಹುಡುಗನಿಗೆ ಗುದ್ದಲಿ ಹಿಡಿಯಲು ಬಾರದು. ಅರ್ಧ ತಾಸಿನಲ್ಲಿ ಅಂಗೈ ಬೊಬ್ಬೆ ಏಳುತ್ತದೆ. ಕಾವನ್ನು ಎಲ್ಲಿ ಹಿಡಿಯಬೇಕು, ಮಣ್ಣನ್ನು ಎಲ್ಲಿಂದ ಸಡಿಲಿಸಬೇಕು ಎಂದು ತೋರಿಸಿಕೊಡುವವನು ಕೊನೆಯ ಬೆಂಚಿನವನು. ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ‘ಯಜಮಾನ್ರೆ’ ಎಂದು ಮಾತಿಗೆಳೆದು, ಕೆರೆಯ ನೀರು ಯಾವಾಗ ಬತ್ತಿತು, ಕೋಡಿ ಯಾವ ವರ್ಷ ಒಡೆಯಿತು ಎಂದು ಕೇಳಿ ತಿಳಿಯುವವನೂ ಅವನೇ. ಸಂಜೆ ಊರವರನ್ನು ಕೂಡಿಸಿ ಭಜನೆಯನ್ನೋ ಸೋಬಾನೆಯನ್ನೋ ಹೇಳಿಸುವ ಹೊತ್ತಿಗೆ ಶಿಬಿರದ ಮುಂದಾಳು ಯಾರೆಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ. ಎಂಟನೆಯ ದಿನ ಕಾಲೇಜಿಗೆ ಹಿಂತಿರುಗಿದ ಆ ವಿದ್ಯಾರ್ಥಿಯನ್ನು ಜೊತೆಯವರು ಹೆಸರು ಹಿಡಿದು ಕೂಗುತ್ತಾರೆ. ಅವನ ಇಂಗ್ಲಿಷು ಏಳು ದಿನಗಳಲ್ಲಿ ಸುಧಾರಿಸಿರುವುದಿಲ್ಲ. ತಪ್ಪಾದೀತೆಂಬ ಅಂಜಿಕೆ ಮಾತ್ರ ತಗ್ಗಿರುತ್ತದೆ.

ಕಾಲೇಜಿನ ವಾರ್ಷಿಕ ಸಂಚಿಕೆಯ ಮಾತೂ ಇಲ್ಲಿ ಸಲ್ಲುತ್ತದೆ. ಹೊಸಬರ ಲೇಖನ ಹಿಡಿಸದಿದ್ದರೆ ಅದನ್ನು ಮೂಲೆಗೆ ಸೇರಿಸುವುದು ರೂಢಿ. ತಿದ್ದಿ ಹಿಂತಿರುಗಿಸಿದರೆ ಅಧ್ಯಾಪಕರಿಗೆ ಒಂದು ಸಂಜೆ ಹೋದೀತು. ಹುಡುಗನಿಗೆ ಅದೇ ಒಂದು ಪಾಠವಾದೀತು.

ಚಟುವಟಿಕೆಗಳೆಲ್ಲ ಸಂಜೆಯ ಹೊತ್ತಿಗೇ ನಡೆಯುವುದರಿಂದ, ವಿದ್ಯಾರ್ಥಿನಿಲಯದಲ್ಲಿ ಇಲ್ಲದವರಿಗೆ, ಅದರಲ್ಲಿಯೂ ನಿತ್ಯ ಹಳ್ಳಿಯಿಂದ ಬಂದು ಹೋಗುವ ಹೆಣ್ಣುಮಕ್ಕಳಿಗೆ, ಅವು ಇದ್ದೂ ಇಲ್ಲದಂತೆ. 2023ರ ಜೂನ್ ತಿಂಗಳಿನಲ್ಲಿ ಸರ್ಕಾರದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳ ಟಿಕೇಟಿನ ಚಿಂತೆ ನೀಗಿತು. ಊರಿನ ಕೊನೆಯ ಬಸ್ಸಿನ ವೇಳೆ ಮಾತ್ರ ತಾಲೀಮಿಗಾಗಿ ಕಾಯುವುದಿಲ್ಲ. ಐದಕ್ಕೆ ತಾಲೀಮು ತೊಡಗಿ ಐದೂವರೆಗೆ ಬಸ್ಸಾದರೆ, ಚೆನ್ನಾಗಿ ಹಾಡಬಲ್ಲ ಹುಡುಗಿಯೊಬ್ಬಳು ಮೂರು ವರ್ಷವೂ ಕಾರ್ಯಕ್ರಮವನ್ನು ನೋಡದೆಯೇ ಪದವೀಧರೆಯಾಗುತ್ತಾಳೆ. ವಾರಕ್ಕೊಮ್ಮೆ ಮಧ್ಯಾಹ್ನದ ಕೊನೆಯ ಅವಧಿಯನ್ನು ಸಂಘಗಳಿಗೆ ಬಿಟ್ಟುಕೊಡುವುದು ಪ್ರಾಚಾರ್ಯರ ಕೈಯಲ್ಲಿರುವ ಕೆಲಸ. ಅದಕ್ಕೆ ಹಣ ಬೇಕಿಲ್ಲ.

ಹಣ ಬೇಕಾದ ಕೆಲಸಗಳೂ ಇವೆ. ಮಹನೀಯ ದಾನಿಗಳು ಬೆಳ್ಳಿಯ ಬಟ್ಟಲು, ಫಲಕಗಳನ್ನು ಕೊಡುತ್ತ ಬಂದಿದ್ದಾರೆ. ಅವು ಪ್ರತಿವರ್ಷ ಮೊದಲೇ ಗೆಲ್ಲಬಲ್ಲವರ ಕೈಗೇ ಸೇರುತ್ತವೆ. ಒಂದು ಫಲಕದ ಬೆಲೆಯಲ್ಲಿ ಮೊದಲ ವರ್ಷದ ಹತ್ತು ಮಂದಿ ಬಡ ವಿದ್ಯಾರ್ಥಿಗಳ ಶಿಬಿರದ ಹಾಸಿಗೆ ಹೊದಿಕೆಗಳನ್ನು ಒದಗಿಸಬಹುದು. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು, ಭಾಷಣ ಮಾಡದೆ, ಹೊಸಬರ ಮಾತನ್ನು ಕೇಳುತ್ತ ಕುಳಿತರೂ ಸಾಕು. ಕುರ್ಚಿಗಳನ್ನು ಆ ದಿನ ಎರಡನೆಯ ವರ್ಷದವರು ಹೊರಬಹುದು.